ಅಣಬೆಯ ಮಡಿ

ನಮ್ಮಣ್ಣನಷ್ಟು ಮಡಿವಂತ ಸವಣೂರಿನಲ್ಲಿ ಇನ್ನೊಬ್ಬನಿಲ್ಲ. ಆದರೆ ಅವನ ಮಡಿ ದೇವರಿಗಲ್ಲ, ಅಣಬೆಗೆ!

ನಗುವವರು ನಗಬಹುದು. ನಮ್ಮದು ಈರುಳ್ಳಿ ಕಂಡರೂ ಮುಖ ತಿರುಗಿಸುವ ವೈಷ್ಣವರ ಮನೆ. ಊಟದ ಹೊತ್ತಿನಲ್ಲಿ ಅಣಬೆಯ ಹೆಸರೆತ್ತಿದರೆ ನಮ್ಮವ್ವ ಎಲೆ ಬಿಟ್ಟು ಏಳುತ್ತಿದ್ದಳು. ಅಂಥ ಮನೆಯ ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ, ಬ್ಯಾಂಕಿನಿಂದ ನಿವೃತ್ತನಾದ ನಮ್ಮಣ್ಣ ಹಾನಗಲ್ಲಿನಿಂದ ಭತ್ತದ ಹುಲ್ಲು ತರಿಸಿ, ಕುದಿಸಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಅಣಬೆಯ ಬೀಜ ಹಾಕಿ ತೊಲೆಗೆ ತೂಗುಬಿಟ್ಟಿದ್ದಾನೆ. ಒಳಗೆ ಕಾಲಿಡಬೇಕಾದರೆ ಸ್ನಾನ ಆಗಿರಬೇಕು. ಒಗೆದ ಬಟ್ಟೆ ಉಟ್ಟಿರಬೇಕು. ಮೊಳಕೈ ತನಕ ಸಾಬೂನು ಹಚ್ಚಿ ತೊಳೆದಿರಬೇಕು. ಚೀಲದ ಮೇಲೆ ಕೆಮ್ಮಿದರೆ ಆ ದಿನ ನಿಮಗೆ ನಮ್ಮ ಮನೆಯಲ್ಲಿ ಚಹಾ ಇಲ್ಲ!

ಇದೇ ಮನುಷ್ಯ ಹುಡುಗನಿದ್ದಾಗ ಬೀದಿಯ ಧೂಳಿನ ಕಾಲಿನಲ್ಲೇ ಅಡಿಗೆಮನೆಗೆ ನುಗ್ಗಿ ಅವ್ವನ ಮಡಿ ಕೆಡಿಸುತ್ತಿದ್ದ. ಬೇಸತ್ತ ಅವ್ವ ಅವನಿಗೆ ಅಡಿಗೆಮನೆಯ ಹೊಸ್ತಿಲನ್ನೇ ಬಂದ್ ಮಾಡಿದಳು. ಅವ್ವ ಹೋದ ಮೇಲೂ ಆ ಕಾಯಿದೆಯನ್ನು ನಾನು ಸಡಿಲಿಸಲಿಲ್ಲ. ಲಗ್ನವಾಗದ ಅಣ್ಣ, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ ತಂಗಿ, ನಡುವೆ ಒಂದು ಹೊಸ್ತಿಲು.

ಹೀಗಾಗಿ ಅವನ ಮಾತೆಲ್ಲ ಅಡಿಗೆಮನೆಯ ಕಿಟಕಿಯಿಂದ. ಹಿತ್ತಲಲ್ಲಿ ಅದರ ಹೊರಗೆ ನಿಂತು ಪೇಪರು, ಪುಸ್ತಕ, ಕೊನೆಗೆ ಔಷಧದ ಬಾಟಲಿಯ ಮೇಲಿನ ಚೀಟಿಯನ್ನೂ ಇಡೀ ಓಣಿಗೆ ಕೇಳುವಂತೆ ಓದುತ್ತಾನೆ. ಸಣ್ಣವನಿದ್ದಾಗಿನಿಂದ ಇದೇ ಚಟ. ಓಣಿಯವರು ಅವನಿಗೆ ಇಟ್ಟ ಹೆಸರು ರೇಡಿಯೋ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅಣಬೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಒಗ್ಗರಣೆಯ ಸಪ್ಪಳದ ನಡುವೆ ಕಿವಿಗೆ ಬಿದ್ದದ್ದು.

ಅಣಬೆಗೆ ಕಣ್ಣಿಲ್ಲ, ಬೆಳಕು ಎಲ್ಲಿದೆ ಎಂದು ಗೊತ್ತು. ಮೂಗಿಲ್ಲ, ಗಾಳಿ ಕೆಟ್ಟರೆ ಗೊತ್ತು. ಮೇಲೆ ಯಾವುದು, ಕೆಳಗೆ ಯಾವುದು, ಅದೂ ಗೊತ್ತು. ಹಾಲು ಹಾಕುವ ಗಂಗವ್ವ ಇದನ್ನು ನಂಬಲಿಲ್ಲ. ಗುಡುಗಿದರೆ ಏಳುತ್ತವೆ, ಅದಕ್ಕಿಂತ ಹೆಚ್ಚಿನ ಬುದ್ಧಿ ಅವಕ್ಕೆಲ್ಲಿಯದು ಎಂದಳು. ಅಣ್ಣ ಅವಳೆದುರಿಗೇ ಒಂದು ಚೀಲವನ್ನು ತಲೆಕೆಳಗಾಗಿ ಕಟ್ಟಿದ. ಎರಡು ದಿನ ಬಿಟ್ಟು ನೋಡಿದರೆ ಎಳೆಯ ಅಣಬೆಗಳೆಲ್ಲ ಕುತ್ತಿಗೆ ಹೊರಳಿಸಿ ತಮ್ಮ ಕೊಡೆಗಳನ್ನು ಮತ್ತೆ ನೆಟ್ಟಗೆ ಹಿಡಿದಿದ್ದವು! ಗಂಗವ್ವ ಗಲ್ಲಕ್ಕೆ ಕೈ ಹಚ್ಚಿ, "ಕುಡದಾಗ ನಮ್ಮ ಮನ್ಯಾಂವಗ ಇಷ್ಟೂ ತಿಳಿಯಂಗಿಲ್ರಿ" ಅಂದಳು.

ಇದೆಲ್ಲ ಇವಕ್ಕೆ ಯಾರು ಕಲಿಸಿದರು ಎಂದು ನಾನೂ ಒಮ್ಮೆ ಕಿಟಕಿಯಿಂದ ಕೇಳಿದೆ.

"ಯಾರೂ ಕಲಿಸಿಲ್ಲ. ಅವಕ್ಕ ಕಾಲಿಲ್ಲ, ಓಡಿಹೋಗಲಿಕ್ಕೆ ಬರೂದಿಲ್ಲ. ದೊಡ್ಡ ದೊಡ್ಡ ಮರ ಹುಟ್ಟೂಕಿಂತ ಮೊದಲಿಂದನೂ ಇದ್ದಲ್ಲೇ ಇದ್ದಾವ. ಬೆಳಕು, ಗಾಳಿ, ಹಸಿ ತಿಳದಂಥಾವು ಉಳದವು. ತಿಳೀಲಾರದವು ಸತ್ತವು. ಉಳದವುಗಳ ಮರಿಮಕ್ಕಳು ಇವು. ಓಡಲಿಕ್ಕೆ ಬರಲಾರದವರು ತಿಳಕೊಂಡ ಬದುಕಬೇಕಾಗ್ತದ, ತಂಗಿ."

ಇಷ್ಟು ಹೇಳುವವನು ಸಾರಿಗೆ ಉಪ್ಪು ಹಾಕದ ದಿನ ಎರಡು ಸಲ ಬಡಿಸಿಕೊಂಡು ಉಣ್ಣುತ್ತಾನೆ!

ಅವುಗಳನ್ನು ತಿನ್ನುತ್ತಾನೆಯೇ? ಮುಟ್ಟಿದ ಕೈಯನ್ನು ಮೂಸಿಯೂ ನೋಡುವುದಿಲ್ಲ. ಬೆಳೆದದ್ದೆಲ್ಲ ಗಂಗವ್ವನ ಮನೆಗೆ. ತಿನ್ನದಿದ್ದ ಮೇಲೆ ಯಾಕೆ ಬೆಳೆಸಬೇಕು ಎಂದರೆ ಸಿದ್ಧ ಉತ್ತರವಿದೆ: "ಕಾಕೂನ್ನ ತಿಂತೀವೇನು? ಆದರೂ ವರ್ಷಕ್ಕೊಮ್ಮೆ ಕರೀತೀವಲ್ಲ?"

ಕಾಕು ಎಂದರೆ ಶಿಗ್ಗಾಂವಿಯಲ್ಲಿರುವ ನಮ್ಮ ಚಿಕ್ಕಪ್ಪನ ಹೆಂಡತಿ. ಬಳಗದಲ್ಲಿ ಉಳಿದ ಒಬ್ಬರೇ ಹಿರಿಯರು. ಈ ಸಲ ಅಪ್ಪನ ಶ್ರಾದ್ಧಕ್ಕೆ ನಾಲ್ಕು ದಿನ ಮೊದಲೇ ಬರುತ್ತೇನೆಂದು ಫೋನು ಮಾಡಿದರು. ಅಣಬೆಯ ಸುಳಿವು ಸಿಕ್ಕರೆ ನೀರೂ ಮುಟ್ಟದೆ ಎದ್ದು ಹೋಗುವವರು, ಹೋಗುವಾಗ ಇಡೀ ಬಳಗವನ್ನೂ ಕಟ್ಟಿಕೊಂಡು ಹೋಗುವವರು. ಸರಿಯಾಗಿ ಅದೇ ಹೊತ್ತಿಗೆ ಅಣ್ಣ ಚಿಕ್ಕೇರೂರಿನ ಗೆಳೆಯನ ಮಗಳ ಮದುವೆಗೆ ಹೊರಟ. ಕೋಣೆಯ ಕೀಲಿ ನನ್ನ ಕೈಗೆ ಕೊಟ್ಟು, ಮೊಗ್ಗು ಬಂದಿವೆ, ಮುಂಜಾನೆ ಸಂಜೆ ಕಿಟಕಿ ತೆರೆದು ನೀರು ಚಿಮುಕಿಸು ಎಂದ. ಹೂಂ ಅಂದೆ.

ಅವನ ಬಸ್ಸು ಊರು ದಾಟಿರಲಿಕ್ಕಿಲ್ಲ, ನಾನು ಆ ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲಿಗೆ ಕೀಲಿ ಹಾಕಿದೆ. ಕೋಣೆಯಲ್ಲಿ ಏನಿದೆ ಎಂದು ಕಾಕು ಕೇಳಿದಾಗ ಹಸಿ ಕಟ್ಟಿಗೆ ಎಂದೆ. ನಾಲ್ಕೂ ದಿನ ಅತ್ತ ಸುಳಿಯಲಿಲ್ಲ. ಜನರ ಅಂಜಿಕೆ, ಮತ್ತೇನು?

ಶ್ರಾದ್ಧದ ಮುಂಜಾನೆ ಅಣ್ಣ ಬಂದವನೇ ಅಡಿಗೆಮನೆಯ ಕಿಟಕಿಗೆ ನಿಂತು ಕೋಣೆಯ ಕಿಟಕಿ ತೆರೆದಿದ್ದೆಯಲ್ಲ ಎಂದು ಕೇಳಿದ. ಪಕ್ಕದಲ್ಲಿ ಕಾಕು ಕಾಯಿ ತುರಿಯುತ್ತಿದ್ದರು. ಮತ್ತೆ ಹೂಂ ಅಂದೆ.

ಭಟ್ಟರ ಊಟ ಮುಗಿದದ್ದೇ ಅವನು ಹಿತ್ತಲಿಗೆ ನಡೆದ. ಅವನ ಹಿಂದೆ ನಾನು. ನನ್ನ ಹಿಂದೆ, ಸಂಶಯ ಬಂದ ಕಾಕು.

ಬಾಗಿಲು ತೆರೆಯಿತು. ಕೋಣೆಯೆಲ್ಲ ಕತ್ತಲೆ. ಇಷ್ಟು ದಿನ ಅಲ್ಲಿಗೆ ಬೆಳಕು ಬಂದದ್ದು ಬಾಗಿಲಿನ ಹಲಗೆಯ ಒಂದು ಬಿರುಕಿನಿಂದ ಮಾತ್ರ. ತೂಗುವ ಚೀಲಗಳಿಂದ ಗೇಣುದ್ದದ ಬಿಳಿ ಕುತ್ತಿಗೆಗಳು ಹೊರಬಿದ್ದಿದ್ದವು, ತುದಿಗೆ ಕಡಲೆಕಾಳಿನಷ್ಟು ಕೊಡೆ. ಎಲ್ಲವೂ ಆ ಬಿರುಕಿನ ಕಡೆಗೇ ಬಾಗಿದ್ದವು. ಅಂದರೆ ಈಗ, ನಮ್ಮ ಕಡೆಗೆ.

ಅಣ್ಣ ಬೈಯಲಿಲ್ಲ. "ಗಾಳಿ ಸಾಲದಾದರ ಹೀಂಗ ಉದ್ದ ಆಗ್ತಾವ. ಬೆಳಕು ಕಂಡ ಕಡೆ ಕುತ್ತಿಗಿ ಚಾಚ್ಯಾವ, ನೋಡು" ಅಂದ. ನನಗೇ ಪಾಠ ಹೇಳಿದ!

"ಶ್ರಾದ್ಧದ ಮನ್ಯಾಗ ನಾಯಿಕೊಡಿ. ಯಾರು ಮಾಡಿದ್ದಿದು?" ಎಂದರು ಕಾಕು.

"ಬೆಳಸಿದಾಂವ ನಮ್ಮಣ್ಣ, ಕಾಕು. ಉಸಿರು ಕಟ್ಟಿಸಿದಾಕಿ ನಾನು. ಬೈಯೂದಿದ್ದರ ಅದಕ್ಕ ಬೈರಿ" ಅಂದೆ.

ಕಾಕು ಊಟ ಮಾಡದೆ ಸಂಜೆಯ ಬಸ್ಸಿಗೆ ಹೋದರು. ಬಳಗವನ್ನೂ ಕಟ್ಟಿಕೊಂಡು ಹೋದರು. ಹೋಗಲಿ. ಇದನ್ನು ಓದಿ ನಮ್ಮನ್ನು ಬಿಡುವವರು ಇನ್ನೂ ಯಾರಾದರೂ ಇದ್ದರೆ ಧಾರಾಳವಾಗಿ ಬಿಡಬಹುದು. ಆ ಕೋಣೆಯ ಕಿಟಕಿ ಮಾತ್ರ ಇನ್ನು ಮುಚ್ಚುವುದಿಲ್ಲ.

ಮರುದಿನ ನಾನು ಒಲೆಯ ಮುಂದಿದ್ದೆ. ಕಿಟಕಿಯ ಹೊರಗೆ ಅಣ್ಣ ಎಂದಿನಂತೆ ಪೇಪರು ಓದುತ್ತಿದ್ದ. ನೆಗಡಿಯಾಗಿ ಗಂಟಲು ಒಡೆದಿತ್ತು, ಆದರೂ ಕೂಗುತ್ತಿದ್ದ. ಸೌಟು ಕೈಯಲ್ಲೇ ನಿಂತಿತು. ನನ್ನನ್ನು ಶಾಲೆ ಬಿಡಿಸಿ ಅಡಿಗೆಮನೆಗೆ ಹಾಕಿದ ವರ್ಷ ಅವನು ತನ್ನ ಪುಸ್ತಕ ಹಿಡಿದು ಮೊದಲ ಸಲ ಆ ಕಿಟಕಿಯ ಹೊರಗೆ ಬಂದು ನಿಂತಿದ್ದ. ಲೆಕ್ಕ, ಇತಿಹಾಸ, ಭೂಗೋಳ. ಒಂದೊಂದು ಸಾಲನ್ನು ಎರಡೆರಡು ಸಲ ಓದುತ್ತಿದ್ದ. ರೇಡಿಯೋ ಎಂದು ಓಣಿಯವರು ನಕ್ಕರು. ನಾನೂ ನಕ್ಕಿದ್ದೆ.

"ಅಣ್ಣಾ, ಒಳಗ ಬಾ" ಅಂದೆ.

"ನಿನ್ನ ಮಡಿ?"

"ಮೊಳಕೈ ತನಕ ಕೈ ತೊಳಕೊಂಡು ಬಾ. ಸಾಕು."

ತೊಳೆದುಕೊಂಡು ಬಂದ. ಒಲೆಯ ಪಕ್ಕ ಮಣೆಯ ಮೇಲೆ ಕುಳಿತು, ಬಿಟ್ಟ ಸಾಲಿನಿಂದ ಓದತೊಡಗಿದ. ಅವನ ದನಿ ಇಷ್ಟು ಮೆತ್ತಗಿದೆ ಎಂದು ಈ ವಯಸ್ಸಿನ ತನಕ ನನಗೆ ಗೊತ್ತೇ ಇರಲಿಲ್ಲ.