ಬೀಗತಿ ಮಾರಿ ತಿರುವಬ್ಯಾಡ್ರಿ

ಗದ್ದೆಮ್ಮ: ಮತ್ತ ತಿರುವಿದ್ರಿ! ಬ್ಯಾಡ ಬ್ಯಾಡ ಅಂದ್ರೂ ಬೀಗತಿ ಗದ್ದ ಹಿಡಕೊಂಡು ತಿರುವಾಕತ್ತೀರಲ್ರೀ! ನೋಡಿದವ್ರು ಏನಂದಾರು?

ಆದೆಪ್ಪ: ಇಲ್ಲಿ ನೋಡಾಕ ಯಾರದಾರ? ಇದು ಗದ್ದ ಅಲ್ಲ, ಪ್ಲೈವುಡ್ಡು.

ಗದ್ದೆಮ್ಮ: ಪ್ಲೈವುಡ್ಡಿನ ಮ್ಯಾಲ ಯಾರದಾರ?

ಆದೆಪ್ಪ: ಬೀಗತಿ.

ಗದ್ದೆಮ್ಮ: ಹಂಗಾದ್ರ ಗದ್ದ ಯಾರದು?

ಆದೆಪ್ಪ ಮಿಷನ್ನಿನ ಸ್ವಿಚ್ ಆರಿಸಿ, ಕನ್ನಡಕದ ಮೇಲೆ ಕೂತ ಮರದ ಪುಡಿಯನ್ನು ಊದಿಕೊಂಡ. ದೇವದುರ್ಗದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ ಆತ. ರಾಯಚೂರಿನ ತನ್ನ ಮನೆಯ ಪಡಸಾಲೆಯಲ್ಲಿ ಈಗ ಸ್ಕ್ರೋಲ್ ಸಾ ಎಂಬ ಕಟ್ಟಿಗೆ ಕೊರೆಯುವ ಮಿಷನ್ ಇಟ್ಟುಕೊಂಡು ಕೂತಿದ್ದಾನೆ. ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಅದರ ಸಣ್ಣ ಗರಗಸ ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನು ಅದಕ್ಕೆ ಒಡ್ಡುತ್ತಾ ಹೋದರೆ ಬೇಕಾದ ಆಕಾರ ಬರುತ್ತದೆ. ಬರಬೇಕು.

ಇದೆಲ್ಲಾ ಶುರುವಾದದ್ದು ಬೀಗತಿಯ ಒಂದು ಮಾತಿನಿಂದ. ಮಗಳು ಮಲ್ಲಿಕಾಳ ಅತ್ತೆ ಬಸವಂತಮ್ಮ ತುಂಬಿದ ಮನೆಯಲ್ಲಿ, ‘ನಮ್ಮ ಬೀಗರಿಗೆ ಸ್ಟೇರಿಂಗ್ ಬಿಟ್ರ ಬ್ಯಾರೆ ಏನ್ ಬರ್ತದ?’ ಎಂದು ನಕ್ಕಿದ್ದಳು. ಅದು ಆದೆಪ್ಪನ ಎದೆಗೇ ನಾಟಿತ್ತು. ಆಕೆ ಮಾನ್ವಿಯಲ್ಲಿ ಹೊಸ ಮನೆ ಕಟ್ಟಿಸಿದ ಸುದ್ದಿ ಬಂದದ್ದೇ ತಡ, ನೆಂಟರ ವಾಟ್ಸಾಪ್ ಗುಂಪಿನಲ್ಲಿ ‘ಬೀಗತಿಯವರ ಮುಖವನ್ನೇ ಕಟ್ಟಿಗೆಯಲ್ಲಿ ಕೈಯಾರೆ ಕೊರೆದು ತರುತ್ತೇನೆ’ ಎಂದು ಸಾರಿಬಿಟ್ಟ. ಗೃಹಪ್ರವೇಶ ನಾಳೆ ಮುಂಜಾನೆ. ಬರಿಗೈಯಲ್ಲಿ ಹೋದರೆ ಬಸವಂತಮ್ಮ ನಗುವುದು ಮಾನ್ವಿ ದಾಟಿ ಕುರ್ಡಿಯವರೆಗೂ ಕೇಳಿಸುತ್ತದೆ.

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಲಾವುದ್ದೀನ್ ಕೂತಿದ್ದ. ಆದೆಪ್ಪನ ಬಸ್ಸಿಗೆ ಅವನೇ ಕಂಡಕ್ಟರ್ ಆಗಿದ್ದವನು. ಮೊಬೈಲಿನಲ್ಲಿ ವಿಡಿಯೋ ನೋಡಿ ಹೊಸ ಸುರುಳಿ ಬ್ಲೇಡು ತರಿಸಿಕೊಟ್ಟವನೂ ಅವನೇ.

ಸಲಾವುದ್ದೀನ್: ಉಸ್ತಾದ್, ಎಷ್ಟು ಸಲ ಹೇಳ್ಲಿ? ನಿಮ್ಮ ಹಳೀ ಬ್ಲೇಡಿಗೆ ಹಲ್ಲು ಇದ್ದದ್ದು ಮುಂದ ಮಾತ್ರ, ಅದಕ್ಕ ಹಲಗಿ ತಿರುವಬೇಕಿತ್ತು. ಇದು ತಿರುಚಿದ ಬ್ಲೇಡು. ಸುತ್ತೂ ಕಡಿ ಹಲ್ಲು ಅದಾವ. ಹಿಂದ, ಮುಂದ, ಎಡಕ್ಕ, ಬಲಕ್ಕ, ಎಲ್ಲಿ ಒತ್ತಿದ್ರ ಅಲ್ಲಿ ಕೊಯ್ತದ. ಹಲಗಿ ಹೆಂಗ ಇಟ್ಟೀರಿ ಹಂಗೇ ಇರ್ಲಿ, ಬರೇ ಸರಸ್ರಿ.

ಆದೆಪ್ಪ: ತಿರುವು ಬಂದ್ರ ತಿರುವಲಾರ್ದ ಹೆಂಗ ಹೋಗ್ಲಿ?

ಸಲಾವುದ್ದೀನ್: ಅಡ್ಡ ಸರದು ಹೋಗ್ರಿ.

ಆದೆಪ್ಪ: ಬಸ್ಸು ಅಡ್ಡ ಸರೀತದೇನಲೇ?

ಸಲಾವುದ್ದೀನ್: ಇದು ಬಸ್ಸಲ್ಲ, ಉಸ್ತಾದ್!

ಗದ್ದೆಮ್ಮ: ಅವ್ರಿಗೆ ಎಲ್ಲಾ ಬಸ್ಸೇ, ಅಣ್ಣ. ಲಗ್ನದಾಗ ಅಕ್ಕಿಕಾಳು ಬೀಳೋ ಹೊತ್ತಿಗೆ ನನ್ನ ಕೈ ಹಿಡದು ಗೇರ್ ಹಾಕಿದ್ರು.

ಆದೆಪ್ಪ ಹೆಂಡತಿಯ ಕಡೆ ನೋಡದೆ ಮಿಷನ್ ಹಚ್ಚಿದ. ಹಲಗೆಯ ಮೇಲೆ ಬಸವಂತಮ್ಮನ ಪಕ್ಕಮುಖದ ಚಿತ್ರದ ಕಾಗದ ಅಂಟಿಸಿತ್ತು: ತುರುಬು, ಕಿವಿ, ಗಿಣಿಯ ಕೊಕ್ಕಿನಂಥ ಚೂಪು ಮೂಗು. ಬ್ಲೇಡು ತುರುಬಿನ ಬಳಿ ಬಂತು. ಅಲ್ಲೊಂದು ತಿರುವು. ಆದೆಪ್ಪನ ಎರಡೂ ಕೈಗಳು ಅವನನ್ನು ಕೇಳದೆಯೇ ಹಲಗೆಯನ್ನು ಸ್ಟೇರಿಂಗಿನ ಹಾಗೆ ಸುತ್ತಿದವು. ಬೀಗತಿ ತಲೆಕೆಳಗಾದಳು.

ಗದ್ದೆಮ್ಮ: ಅಯ್ಯ ಯವ್ವಾ! ಕಾಲು ಮ್ಯಾಲ, ತಲಿ ಕೆಳಗ!

ಆದೆಪ್ಪ: ಕಾಲು ಎಲ್ಲಿ ಬಂದ್ವು? ಕುತ್ತಿಗಿ ಮಟ ಅಷ್ಟೇ ಅದ ಚಿತ್ರ.

ಗದ್ದೆಮ್ಮ: ಕಾಲು ಇದ್ದಿದ್ರ ಒದೀತಿದ್ಲು.

ಆದೆಪ್ಪ: ನೀ ಒಳಗ ಹೋಗ್ತೀಯೋ ಇಲ್ಲೋ?

ಗದ್ದೆಮ್ಮ ಒಳಗೆ ಹೋದಳು. ಆದೆಪ್ಪ ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಕುಂಕುಮದ ಭರಣಿ ಹಿಡಿದು ತಿರುಗಿ ಬಂದಳು. ಹಲಗೆಯ ಮೇಲಂಚಿಗೆ, ಬೀಗತಿಯ ನೆತ್ತಿಯ ನೇರಕ್ಕೆ, ದೊಡ್ಡದೊಂದು ಬೊಟ್ಟು ಇಟ್ಟಳು.

ಗದ್ದೆಮ್ಮ: ನೋಡ್ರಿ, ಈ ಕುಂಕುಮ ಯಾವಾಗ್ಲೂ ಗ್ವಾಡಿ ಕಡಿ ಇರ್ಬೇಕು. ನಿಮ್ಮ ಕಡಿ ಹೊಳ್ಳಿತೋ, ಬೀಗತಿಗೆ ಅಪಮಾನ ಆತು ಅಂತ ತಿಳಕೋರಿ. ಆಕಿ ಮುಂದ ಕುಂತಂಗ ನೆಟ್ಟಗ ಕುಂದರ್ರಿ.

ಸಲಾವುದ್ದೀನ್: ಅರೆ ವ್ಹಾ, ಅಕ್ಕ! ವಿಡಿಯೋದಾಗೂ ಹಿಂಗೇ ತಲಿ ಕಡಿ ಗುರ್ತು ಮಾಡ್ರಿ ಅಂತಾನ. ಕುಂಕುಮ ಒಂದು ಅವನಿಗೆ ಗೊತ್ತಿಲ್ಲ. ಉಸ್ತಾದ್, ನಾ ಸೀಟಿ ಹಿಡಕೊಂಡು ಕುಂದರ್ತೀನಿ. ಬೊಟ್ಟು ಹೊಳ್ಳಿದ್ರ ಒಂದು ಸೀಟಿ, ನಿಂದ್ರಸ್ರಿ. ಎರಡು ಸೀಟಿ, ಹೊಂಡ್ರಿ.

ಆದೆಪ್ಪ: ನಿನ್ನ ಸೀಟಿ ನಂಬಿ ಕವಿತಾಳ ಬಸ್‌ಸ್ಟ್ಯಾಂಡಿನ್ಯಾಗ ರಿವರ್ಸ್ ಹೋಗಿ ಮಿರ್ಚಿ ಬಂಡಿ ಮುರದಿದ್ದೆ. ನೆಪ್ಪದ?

ಸಲಾವುದ್ದೀನ್: ಅವತ್ತು ಬಾಯಾಗ ಮಿರ್ಚಿ ಇತ್ತು, ಉಸ್ತಾದ್. ಇವತ್ತು ಖಾಲಿ ಅದ.

ಎರಡು ಸೀಟಿ ಬಿತ್ತು. ಮಿಷನ್ ಹೊರಟಿತು. ಅಚ್ಚರಿಯೆಂದರೆ, ಕುಂಕುಮಕ್ಕೆ ಹೆದರಿದ ಕೈಗಳು ಈ ಸಲ ಹೇಳಿದ ಮಾತು ಕೇಳಿದವು. ಆದೆಪ್ಪ ಹಲಗೆಯನ್ನು ಹಿಂದಕ್ಕೆ ಎಳೆದ, ಕೊಯ್ಯಿತು. ಬಲಕ್ಕೆ ದೂಡಿದ, ಕೊಯ್ಯಿತು. ತುರುಬಿನ ಎಳೆ ಎಳೆಯೂ ಬಿಡಿಸಿಕೊಂಡಿತು, ಕಿವಿ ಬಂತು, ಕಿವಿಯ ಓಲೆಯೂ ಬಂತು. ಇಷ್ಟು ವರ್ಷ ತಾನು ಮಾಡಿದ್ದೆಲ್ಲಾ ಬರೀ ತಿರುಗಿಸುವ ಕೆಲಸವಾಗಿತ್ತು, ಈಗ ಹೊಸದೊಂದನ್ನು ಕಲಿತೆ ಎಂದು ಆದೆಪ್ಪನಿಗೆ ಹುಡುಗನಂಥ ಖುಷಿಯಾಯಿತು.

ಆದೆಪ್ಪ: ಸ್ಟೇರಿಂಗ್ ಬಿಟ್ರ ಏನ್ ಬರ್ತದ ಅಂದ್ಲಲ್ಲ! ಬಂದು ನೋಡ್ಲಿ ಈಗ!

ಸಲಾವುದ್ದೀನ್: ಮೂಗಿನ ಹತ್ರ ಸಾವಕಾಶ್. ತುರುಬಿನಂಗ ಅಲ್ಲ ಅದು. ನೆಟ್ಟನ ಗೆರಿ ಬಂತಂದ್ರ ಈ ಬ್ಲೇಡು ಮಾತು ಕೇಳಂಗಿಲ್ಲ, ಕಟಗಿ ಎಳಿ ಹಿಡದು ಜಾರ್ತದ ಅಂತ ವಿಡಿಯೋದಾಗ ಹೇಳ್ಯಾನ.

ಗದ್ದೆಮ್ಮನಿಗೂ ಗಂಡನ ಕೆಲಸ ನೋಡಿ ಹಿಗ್ಗು ಬಂದಿತ್ತು. ಬೈದದ್ದು ಹೆಚ್ಚಾಯಿತು ಅನ್ನಿಸಿ, ಒಳಗೆ ಹೋಗಿ ಬಿಸಿ ಬಿಸಿ ಮಿರ್ಚಿ ಕರಿದು ತಂದಳು. ಮೊದಲ ತಟ್ಟೆ ಹೋದದ್ದು ಅತಿಥಿಗೆ. ಅಷ್ಟರಲ್ಲಿ ಬ್ಲೇಡು ಮೂಗಿನ ತುದಿಗೆ ಬಂದಿತ್ತು. ಅದು ತುಸು ಜಾರಿತು, ಆದೆಪ್ಪ ಗಾಬರಿಯಾದ, ಗಾಬರಿಯಾದ ಡ್ರೈವರನ ಕೈ ಏನು ಮಾಡಬೇಕೋ ಅದನ್ನೇ ಮಾಡಿತು. ಕುಂಕುಮದ ಬೊಟ್ಟು ಗೋಡೆಯಿಂದ ಹೊರಟು ಕಿಟಕಿ ದಾಟಿ ಅವನ ಹೊಟ್ಟೆಯ ಕಡೆ ಬಂತು. ಸೀಟಿ ಬರಲಿಲ್ಲ. ಟಿಕ್ ಎಂದು ಏನೋ ಹಾರಿತು.

ಆದೆಪ್ಪ: ಸೀಟಿ ಯಾಕ ಹೊಡೀಲಿಲ್ಲಲೇ?

ಸಲಾವುದ್ದೀನ್: ಬಾಯಾಗ... ಹಾ... ಮಿರ್ಚಿ ಇತ್ತು, ಉಸ್ತಾದ್. ಸುಡಾಕತ್ತದ.

ಆದೆಪ್ಪ: ಕವಿತಾಳದಾಗೂ ಇದೇ ಅಂದಿದ್ದಿ!

ಗದ್ದೆಮ್ಮ: ಯಾರೂ ಅಲುಗಬ್ಯಾಡ್ರಿ! ಬೀಗತಿ ಮೂಗು ಕಾಲಾಗ ಎಲ್ಲೋ ಅದ!

ಮೂವರೂ ನೆಲಕ್ಕೆ ಬಾಗಿ ಹುಡುಕಿದರು. ಪುಡಿಯ ರಾಶಿಯಲ್ಲಿ ಮೂಗು ಸಿಗಲಿಲ್ಲ. ಹೊಸ ಹಲಗೆ ತರಲು ಹೊತ್ತಿರಲಿಲ್ಲ. ಇದ್ದದ್ದನ್ನೇ ಸರಿಮಾಡುವುದೆಂದು ಆದೆಪ್ಪ ಮೂಗಿನ ಮುರುಕನ್ನು ಗುಂಡಗೆ ಮಾಡಿದ. ಮೂಗು ಗಿಡ್ಡವಾಗಿ ಗದ್ದ ಮುಂದೆ ಬಂದಂತೆ ಕಂಡಿತು; ಗದ್ದವನ್ನೂ ಗುಂಡಗೆ ಮಾಡಿದ. ಆಮೇಲೆ ಕೆನ್ನೆಗೂ ಅದೇ ಗತಿಯಾಯಿತು. ಕೊನೆಗೆ ಮೇಲಿನ ಕಾಗದ ಸುಲಿದು, ಪುಡಿ ಒರೆಸಿ, ಬಿಳಿ ಗೋಡೆಗೆ ಹಿಡಿದ.

ಸಲಾವುದ್ದೀನ್ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿದ.

ಸಲಾವುದ್ದೀನ್: ಅರೆ! ಇದು ನಮ್ಮ ಗದ್ದೆಮ್ಮಕ್ಕ ಅಲ್ಲೇನು?

ಹೌದು, ಗದ್ದೆಮ್ಮನೇ. ಅದೇ ಮೊಂಡ ಮೂಗು, ಅದೇ ಗುಂಡು ಗದ್ದ, ಏನೋ ಅನ್ನಲು ಸಿದ್ಧವಾದ ಅದೇ ತುಟಿ. ಎದುರಿಗೆ ಬಾಗಿಲು ತೆರೆದ ಬಸ್ಸು ಬಂದು ನಿಂತ ಹಾಗಾಯಿತು ಆದೆಪ್ಪನಿಗೆ. ಹತ್ತಿಯೇಬಿಟ್ಟ.

ಆದೆಪ್ಪ: ಮತ್ತ? ಯಾರಂತ ಮಾಡಿದ್ರಿ? ಮುಂದ ಇಟ್ಟಿದ್ದು ಬೀಗತಿ ಚಿತ್ರ, ಖರೇ. ಆದ್ರ ಕೈ ತಾನಾಗೇ ನಿನ್ನ ಕಡಿ ಹೊಳ್ಳಿತು, ಗದ್ದಿ. ಇಷ್ಟು ವರ್ಷ ನೋಡಿದ ಮಾರಿ ಅಲ್ಲೇನು?

ಹೇಳುವಾಗ ಅದು ಹಸಿ ಸುಳ್ಳೇ. ಆದರೆ ಗೋಡೆಯ ಮೇಲಿನ ಮುಖ ನೋಡುತ್ತಾ ಹೋದಂತೆ ಆದೆಪ್ಪನಿಗೆ ತನ್ನ ಮಾತು ನಿಜವೆಂದೇ ಅನ್ನಿಸತೊಡಗಿತು. ಗದ್ದೆಮ್ಮ ಸೆರಗು ಸರಿಮಾಡಿಕೊಂಡು, ತನ್ನನ್ನೇ ತಾನು ಕಣ್ತುಂಬ ನೋಡಿಕೊಂಡಳು. ಮುಖದಲ್ಲಿ ನಾಚಿಕೆ ಬಂದು ಹೋಯಿತು. ಆಮೇಲೆ ಹುಬ್ಬು ಗಂಟಾಯಿತು.

ಗದ್ದೆಮ್ಮ: ಅಂದ್ರ, ಬೀಗತಿ ಮಾರಿ ಕೆಟ್ರ ನನ್ನ ಮಾರಿ ಆಗ್ತದ ಅಂತ ಹೇಳಾಕತ್ತೀರಿ.

ಸಲಾವುದ್ದೀನ್ ಮೆಲ್ಲಗೆ ಎದ್ದು ಕಾಲಿನಿಂದಲೇ ಚಪ್ಪಲಿ ಹುಡುಕತೊಡಗಿದ.

ಗದ್ದೆಮ್ಮ: ಕುಂದರಣ್ಣ, ಇನ್ನೊಂದು ತಟ್ಟಿ ಮಿರ್ಚಿ ಅದ. ಏನ್ರೀ, ನಾಳಿ ಇದನ್ನೇ ಮಾನ್ವಿಗೆ ಒಯ್ಯೋಣು.

ಆದೆಪ್ಪ: ನಿನ್ನ ಮಾರೀನಾ? ಬೀಗತಿ ಮನಿಗೆ?

ಗದ್ದೆಮ್ಮ: ಹೌದು. ಆಕಿ ಮಲಗೋ ಖೋಲಿ ಬಾಗಿಲಕ್ಕ ಎದುರಿಗೇ ಮೊಳಿ ಹೊಡದು ತೂಗಹಾಕ್ರಿ. ಹೊಸ ಮನಿಗೆ ಬೀಗರು ಕೈಯಾರೆ ಮಾಡಿ ತಂದದ್ದನ್ನ ಒಲ್ಲೆ ಅನ್ನಾಕ ಬರಂಗಿಲ್ಲ. ದಿನಾ ಮುಂಜಾನಿ ಎದ್ದ ಕೂಡ್ಲೆ ಬಸವಂತಮ್ಮ ಮೊದ್ಲು ನನ್ನ ಮಾರಿ ನೋಡ್ಲಿ!

ಆದೆಪ್ಪ: ‘ಬೀಗ್ರೇ, ನನ್ನ ಮಾರಿ ಎಲ್ಲಿ?’ ಅಂತ ಹತ್ತು ಮಂದ್ಯಾಗ ಕೇಳಿದ್ರ ಏನನ್ಲಿ?

ಗದ್ದೆಮ್ಮ ಕಸಬರಿಗೆ ತಂದು ನೆಲ ಗುಡಿಸಿದಳು. ಪುಡಿಯ ನಡುವೆ ಏನನ್ನೋ ಹೆಕ್ಕಿ, ಊದಿ, ಗಂಡನ ಅಂಗೈಯಲ್ಲಿ ಇಟ್ಟಳು. ಚೂಪಾದ ಒಂದು ಮೂಗಿನ ತುದಿ.

ಗದ್ದೆಮ್ಮ: ಇದನ್ನ ಆಕಿ ಕೈಯಾಗ ಕೊಡ್ರಿ. ಮೂಗು ಬಂದದ, ಉಳದ ಬೀಗತಿ ಮುಂದಿನ ಟ್ರಿಪ್ಪಿಗೆ ಬರ್ತಾಳ ಅನ್ರಿ.