ಎಡಮೂಲೆಯ ಕಪ್ಪು ಗುಡ್ಡ

ಫೋಟೋ ತೆಗೆಯುವ ಮೊದಲೇ ಯಜಮಾನರು ಅದನ್ನು ತೂಗುಹಾಕಲು ಗೋಡೆಗೆ ಮೊಳೆ ಹೊಡೆದುಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ! "ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ನಿನ್ನ ಫೋಟೋ ತೆಗೀತೀನಿ. ಅಮ್ಮನ ಫೋಟೋ ಪಕ್ಕದಲ್ಲಿ ನಿಲ್ಲೋ ಅಂಥದ್ದು," ಎಂದು ಸುತ್ತಿಗೆ ಹಿಡಿದುಕೊಂಡೇ ಹೆಂಡತಿಗೆ ಮಾತು ಕೊಟ್ಟರು.

ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಮೂವತ್ತು ವರ್ಷ ಗೆರೆ ಎಳೆದು ನಿವೃತ್ತರಾದವರು ಅವರು. ಜೊತೆಯವರು ಇಟ್ಟ ಹೆಸರು ಅಡಿಗೋಲು. ಬಾಳೆಹಣ್ಣನ್ನೂ ಅಳೆದೇ ಎರಡು ಪಾಲು ಮಾಡುವ ಆಸಾಮಿ. ಮನೆಯ ಆಲ್ಬಮ್ಮುಗಳೆಲ್ಲ ಅವರದೇ ಕೈಚಳಕ. ಅವುಗಳಲ್ಲಿ ಹೆಂಡತಿ ಒಂದೋ ಕಣ್ಣು ಮುಚ್ಚಿದ್ದಳು, ಇಲ್ಲವೇ ಅವಳ ತಲೆ ಚೌಕಟ್ಟಿನಾಚೆ ಹೋಗಿತ್ತು. ನೆಟ್ಟಗಿದ್ದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಅವಳ ಗುರುತು ಅವಳಿಗೇ ಸಿಗುತ್ತಿರಲಿಲ್ಲ. ಕಳೆದ ವಾರ ಅರವತ್ತು ತುಂಬಿದಾಗ, "ನನ್ನದೊಂದು ಒಳ್ಳೆ ಫೋಟೋನೇ ಇಲ್ಲ ಕಣ್ರೀ," ಎಂದು ಅವಳು ತಣ್ಣಗೆ ಹೇಳಿದ್ದು ಯಜಮಾನರ ಎದೆಗೆ ನಾಟಿತ್ತು. ಅವರಿಗೂ ಒಂದು ಕೊರಗಿತ್ತು. ಸದಾ ಕ್ಯಾಮೆರಾದ ಹಿಂದೆಯೇ ನಿಂತದ್ದರಿಂದ, ತೀರಿಹೋದ ಅಮ್ಮನ ಜೊತೆ ಅವರದೊಂದು ಫೋಟೋ ಇರಲಿಲ್ಲ. ಅದನ್ನು ಇನ್ನು ಸರಿಮಾಡುವ ಹಾಗಿರಲಿಲ್ಲ. ಹೆಂಡತಿಯದನ್ನಾದರೂ ಸರಿಮಾಡಬಹುದಿತ್ತು.

ಗೋಡೆಯ ಮೇಲಿದ್ದ ಅಮ್ಮನ ಫೋಟೋ ಎಂದರೆ ಅವರ ಜೀವಮಾನದ ಸಾಧನೆ. ಕಿಟಕಿಯ ಪಕ್ಕದ ಕುರ್ಚಿ, ಒಂದು ಕೆನ್ನೆಯ ಮೇಲೆ ಬೆಳಗಿನ ಬಿಸಿಲು, ಇನ್ನೊಂದರ ಮೇಲೆ ತೆಳು ನೆರಳು. ಬಾಯಿ ಮುಚ್ಚಿಕೊಳ್ಳಲು ಕೈ ಅರ್ಧ ಎತ್ತಿ, ಅಷ್ಟರಲ್ಲಿ ತಡೆಯಲಾರದೆ ನಕ್ಕುಬಿಟ್ಟ ಅಮ್ಮ. ಕ್ಯಾಮೆರಾ ಕಂಡರೆ ಕಲ್ಲಾಗುತ್ತಿದ್ದ ಅದೇ ಅಮ್ಮ! ಮೂವತ್ತನಾಲ್ಕು ವರ್ಷಗಳಿಂದ, ಮನೆಗೆ ಬಂದವರಿಗೆಲ್ಲ ಆ ಫೋಟೋದ ಕೆಳಗೆ ಉಪನ್ಯಾಸ ತಪ್ಪಿದ್ದಲ್ಲ. ಬೆಳಕು ಎದುರಿನಿಂದ ಬಿದ್ದರೆ ಮುಖ ತಟ್ಟೆಯಾಗುತ್ತದೆ, ಪಕ್ಕದಿಂದ ಬಿದ್ದರೆ ಮುಖ ಮುಖವಾಗುತ್ತದೆ. ಚೌಕಟ್ಟನ್ನು ಮೂರು ಪಾಲು ಮಾಡಿ ಮುಖವನ್ನು ಗೆರೆಯ ಮೇಲೆ ಕೂರಿಸಬೇಕು. ಕೊನೆಗೆ, ಕೆಳಗಿನ ಎಡಮೂಲೆಯಲ್ಲಿ ಗುಡ್ಡದ ಹಾಗಿದ್ದ ಕಪ್ಪು ಆಕಾರವೊಂದಕ್ಕೆ ಅಡಿಗೋಲು ಮುಟ್ಟಿಸಿ, "ಗುಟ್ಟು ಇರೋದೇ ಇಲ್ಲಿ. ಬೆಳಕನ್ನ ತೂಗೋಕೆ ಕತ್ತಲೆಯ ತೂಕ ಬೇಕು. ಇದು ಸುತ್ತಿದ ಹಾಸಿಗೆ, ಲೆಕ್ಕ ಹಾಕಿ ನಾನೇ ಇಟ್ಟದ್ದು," ಎನ್ನುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಹೆಂಡತಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಭಾನುವಾರ ಬಂತು. ಅದೇ ಕೋಣೆ, ಅದೇ ಕಿಟಕಿ, ಅದೇ ಕುರ್ಚಿ. ಬೆಳಕಿಗೆ ಅಡ್ಡ ಬಂದ ಪರದೆಯನ್ನು ಯಜಮಾನರು ಜಗ್ಗಿದರು, ಸರಳಿನ ಸಮೇತ ಕಿತ್ತು ಬಂತು. ಬೀರುವಿನ ಕನ್ನಡಿ ಬಿಚ್ಚಿ, ನೆರಳಿನ ಕೆನ್ನೆಗೆ ಸ್ವಲ್ಪ ಬೆಳಕು ಸಿಗಲೆಂದು ಸ್ಟೂಲಿನ ಮೇಲೆ ಒರಗಿಸಿದರು. ಹಿಂದೆ ಹಗ್ಗ ಕಟ್ಟಿ ಬಿಳಿ ಹೊದಿಕೆ ಇಳಿಬಿಟ್ಟರು. ಎಡಮೂಲೆಗೆ ಹಾಸಿಗೆ ಸುತ್ತಿ ಇಟ್ಟರೆ ಅದು ಹಾಸಿಗೆಯಂತೆಯೇ ಕಂಡಿತು, ಗುಡ್ಡ ಆಗಲಿಲ್ಲ. ಬಟ್ಟೆ ತೊಳೆಯುವ ಟಬ್ಬು ಬೋರಲು ಹಾಕಿದರು. ಕುಂಬಳಕಾಯಿ ಇಟ್ಟರು. ಎರಡು ದಿಂಬುಗಳಿಗೆ ಕೋಟು ತೊಡಿಸಿದರು. ಅಳತೆ ಯಾವುದಕ್ಕೂ ಒಪ್ಪಲಿಲ್ಲ.

ಹೆಂಡತಿ ಹಲ್ಲು ಕೀಳಿಸಿಕೊಳ್ಳಲು ಬಂದವಳಂತೆ ಬಿಗಿದು ಕೂತಿದ್ದಳು. ಸಹಜವಾಗಿ ಇರು ಎಂದು ಯಜಮಾನರು ಗದರಿದಷ್ಟೂ ಅವಳು ಇನ್ನಷ್ಟು ಬಿಗಿಯಾದಳು. ಕ್ಯಾಮೆರಾ ಮಗಳದ್ದು. ಅವಳು ಅದರ ಪಕ್ಕದಲ್ಲಿ ನಿಂತು, ಬಿಸಿಲು ಕಿಟಕಿ ದಾಟಿ ಹೋಗುತ್ತಿದೆ ಎಂದು ಆಗಾಗ ಎಚ್ಚರಿಸುತ್ತಿದ್ದಳು. ಯಜಮಾನರು ಗೋಡೆಯ ಕಡೆ ನೋಡಿದರು. ಈ ಬೆಳಕು ಹೋದರೆ ಹೊಡೆದ ಮೊಳೆ ಗೋಡೆಯಲ್ಲಿ ಬೋಳಾಗಿ ನಿಂತು ಅವರನ್ನು ಅಣಕಿಸುತ್ತದೆ.

ಆಗ ಬಾಗಿಲಲ್ಲಿ ಎದುರು ಅಂಗಡಿಯ ದರ್ಜಿ ಪ್ರತ್ಯಕ್ಷನಾದ. ಕೈಯಲ್ಲೊಂದು ಅಂಗಿ, ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. "ನಿಮ್ಮ ಕನ್ನಡಿ ಬಿಸಿಲು ನೇರ ನನ್ನ ಕಣ್ಣಿಗೇ ಬಡೀತು. ಕತ್ತರಿ ಹಾದಿ ತಪ್ಪಿತು."

"ಪಾಪ, ಯಾರ ಅಂಗಿನಪ್ಪಾ ಅದು?" ಎಂದರು ಯಜಮಾನರು.

"ನಿಮ್ಮದೇ."

ಗಾಬರಿಯಿಂದ ತಿರುಗಿದ ಅವರ ಕಾಲಿಗೆ ಹಗ್ಗ ಸಿಕ್ಕಿತು. ಹೊದಿಕೆ ತಲೆಯ ಮೇಲೆ ಬಿತ್ತು. ಕೈಯಲ್ಲಿದ್ದ ಲೆನ್ಸಿನ ಮುಚ್ಚಳ ಉರುಳಿಕೊಂಡು ಮಂಚದ ಕೆಳಗೆ ಹೋಯಿತು. ಹೊದಿಕೆ ಕಿತ್ತೆಸೆದು, ಮೊಣಕಾಲೂರಿ, ತಲೆ ಮಂಚದಡಿಗೆ ತೂರಿಸಿ ತಡಕಾಡಿದರು. ಸೊಂಟ ಹಿಡಿದುಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೊರಗೆ ಉಳಿದ ಅರ್ಧ ದೇಹ ಮಾತ್ರ ಸಹಾಯಕ್ಕಾಗಿ ಅತ್ತಿತ್ತ ವಾಲಾಡಿತು. ಹೆಂಡತಿ ಬಾಯಿಗೆ ಕೈ ಎತ್ತಿದಳು, ಆದರೆ ನಗು ಕೈಗಿಂತ ಮುಂಚೆ ಬಂತು.

ಮಗಳು ಗುಂಡಿ ಒತ್ತಿದಳು, ಕ್ಲಿಕ್ ಎಂದಿತು. ದರ್ಜಿ ಕಾಲು ಹಿಡಿದು ಎಳೆದು ಅವರನ್ನು ಹೊರತೆಗೆದ. ಮಗಳು ಒಮ್ಮೆ ಕ್ಯಾಮೆರಾ ನೋಡಿದಳು, ಒಮ್ಮೆ ಗೋಡೆ ನೋಡಿದಳು. "ಅಪ್ಪಾ, ಎಡಮೂಲೆ ತೂಕ ಸರಿಯಾಗಿ ಬಂದಿದೆ," ಎಂದಳು.

ಯಜಮಾನರು ಸೊಂಟ ಹಿಡಿದುಕೊಂಡೇ ಎರಡನ್ನೂ ನೋಡಿದರು. ಅಡಿಗೋಲು ತಂದು ಇಲ್ಲೊಮ್ಮೆ, ಅಲ್ಲೊಮ್ಮೆ ಇಟ್ಟರು. ಅದೇ ಉಬ್ಬು, ಅದೇ ಇಳಿಜಾರು. ಕಳೆದ ಮೂವತ್ತನಾಲ್ಕು ವರ್ಷ ಬಂದವರಿಗೆಲ್ಲ ಅವರು ಅಡಿಗೋಲು ಮುಟ್ಟಿಸಿ ತೋರಿಸಿದ್ದು ತಮ್ಮದೇ ಹಿಂಭಾಗವನ್ನು.

"ಅವತ್ತೂ ಮುಚ್ಚಳ ಮಂಚದ ಕೆಳಗೇ ಹೋಗಿತ್ತು," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಏನೂ ಮುಟ್ಟಬೇಡ ಅಂತ ಹೇಳಿ ಬಗ್ಗಿದ್ರಿ. ಅತ್ತೆಗೆ ನಗು ತಡೀಲಿಲ್ಲ. ನಾನು ಮುಟ್ಟಿದೆ."

ಆ ದಿನ ಅವರು ಅಮ್ಮನ ಏಳೆಂಟು ಫೋಟೋ ತೆಗೆದಿದ್ದರು. ಎಲ್ಲದರಲ್ಲೂ ಅಮ್ಮ ಕಲ್ಲು. ರೀಲು ತೊಳೆದು ಬಂದಾಗ ಈ ಒಂದನ್ನು ಕಂಡು ಕುಣಿದಾಡಿದ್ದರು. ಆಗ ಸೊಸೆ ಬಾಯಿ ತೆರೆದಾಗ ಅಮ್ಮನೇ ಕೈ ಒತ್ತಿ, ಖುಷಿಯಾಗಿದ್ದಾನೆ, ಇರಲಿ ಬಿಡು ಎಂದಿದ್ದಳಂತೆ. ಆಮೇಲೆ ಅಮ್ಮ ಹೊರಟುಹೋದಳು, ಮಾತು ಹೆಂಡತಿಯ ಹತ್ತಿರವೇ ಉಳಿಯಿತು.

ಯಜಮಾನರು ಮಂಚದ ಮೇಲೆ ಕೂತರು. ಅಮ್ಮನ ದೃಷ್ಟಿ ಎಡಮೂಲೆಗೆ ಇಳಿದಿರುವುದನ್ನೂ ಅವರು ತಮ್ಮ ಜಾಣ್ಮೆಯೆಂದೇ ವರ್ಣಿಸಿದ್ದರು. ಅವಳು ನೋಡುತ್ತಿದ್ದದ್ದು ಮಗನನ್ನು.

"ಹಾಗಾದ್ರೆ ಅಮ್ಮನ ಜೊತೆ ನನ್ನದೊಂದು ಫೋಟೋ ಇದೆ," ಎಂದರು ಮೆಲ್ಲಗೆ.

"ಇದೆ," ಎಂದಳು ಹೆಂಡತಿ ಪಕ್ಕದಲ್ಲಿ ಕೂತು. "ಮುಖ ಒಂದು ಬಂದಿಲ್ಲ ಅಷ್ಟೆ. ಬಂದಿದ್ರೆ ಅತ್ತೆ ಅಷ್ಟು ಚೆನ್ನಾಗಿ ನಗ್ತಿರ್ಲಿಲ್ಲ."