ಎಡಗೈಲೆ ಕೊರೆದ ಕಲ್ಲಂಗಡಿ

ಸಿಂದಗಿಯ ಟೇಲರ್ ಕಾಸಿಂಸಾಬ ಆ ವರ್ಷದ ರಮಜಾನದ ಇಪ್ಪತ್ತೊಂದನೆಯ ರೋಜಾದ ಮುಂಜಾನೆ, ಹೆಂಡತಿ ಮಾಬುಬಿಯ ಎದುರು ನಿಂತು, ಮಹಾಯುದ್ಧ ಸಾರುವವನಂತೆ ಸಾರಿದ:

"ಇವತ್ತ ಹಣ್ಣಿನ ಬುಟ್ಟಿ ನಾ ಕೊರಿತೇನಿ. ಕಲ್ಲಂಗಡಿದು. ಹಿಡಿಕಿ ಸಹಿತ. ಒಳಗ ಏಳು ಬಣ್ಣದ ಹಣ್ಣು. ಸಿಂದಗಿ ಹೋಗಲಿ, ವಿಜಾಪುರದಾಗೂ ಯಾರೂ ನೋಡಿರಬಾರದು, ಅಂಥಾದು."

ಮಾಬುಬಿ ಕಸ ಗುಡಿಸುವುದನ್ನು ನಿಲ್ಲಿಸಲಿಲ್ಲ. "ಹೋದ ವಾರ ಉಳ್ಳಾಗಡ್ಡಿ ಹೆಚ್ಚಾಕ ಕುಂತು ಹೆಬ್ಬೆರಳ ಹೆಚ್ಚಿಕೊಂಡವರು ಯಾರ್ರಿ?"

"ಅದು ಅಡಗಿ ಕೆಲಸ. ಇದು ಕತ್ತರಿ ಕೆಲಸ. ಮೂವತ್ತು ವರ್ಷ ಅರಿವಿ ಕತ್ತರಿಸಿದ ಕೈ ಇದು. ಕಲ್ಲಂಗಡಿ ಏನು, ಗ್ವಾಡಿಗೂ ಕೋಟು ಹೊಲಿದು ತೊಡಸ್ತೇನಿ."

ಗಂಡ ಯಾಕೆ ಹೀಗೆ ಹಟಕ್ಕೆ ಬಿದ್ದಿದ್ದಾನೆಂಬುದು ಮಾಬುಬಿಗೆ ಗೊತ್ತಿತ್ತು. ಅಂದು ಸಂಜೆ ರೋಜಾ ಬಿಡುವ ಹೊತ್ತಿಗೆ ಚಂದವ್ವ ಬರುವವಳಿದ್ದಳು. ಚಂದವ್ವ ಎಂದರೆ ಪೋಸ್ಟಮನ್ ರೇವಣಪ್ಪನ ಹೆಂಡತಿ. ರೇವಣಪ್ಪ ಕಾರ್ತಿಕ ಮಾಸದಲ್ಲಿ ಎರಡು ದಿನದ ಜ್ವರಕ್ಕೆ ತೀರಿಕೊಂಡಿದ್ದ.

ಕಾಸಿಂಸಾಬನೂ ರೇವಣಪ್ಪನೂ ಒಂದೇ ಸಾಲಿಯಲ್ಲಿ, ಒಂದೇ ಮಾಸ್ತರರ ಕೈಯಲ್ಲಿ, ಒಂದೇ ಛಡಿಯಿಂದ ಏಟು ತಿಂದವರು. ರೇವಣಪ್ಪನ ತಾಯಿ ಬಹಳ ಮಡಿಯವಳು. ಬೆಂಕಿ ಮುಟ್ಟಿದ ಯಾವುದನ್ನೂ ಮಗ ಸಾಬರ ಮನೆಯಲ್ಲಿ ತಿನ್ನಕೂಡದೆಂದು ಆಣೆ ಹಾಕಿಸಿದ್ದಳು. ಹಣ್ಣಿಗೆ ಮಾತ್ರ ಆ ಕಾಯಿದೆ ಇರಲಿಲ್ಲ. ಹೀಗಾಗಿ ಪ್ರತಿ ರಮಜಾನದಲ್ಲಿ ಒಂದು ಸಂಜೆ ರೇವಣಪ್ಪನೇ ಹಣ್ಣು ತರುವ ಪದ್ಧತಿ ಬಿತ್ತು. ಮೊದಲು ಚೀಲದಲ್ಲಿ ತಂದ. ಆಮೇಲೊಂದು ವರ್ಷ ಕಲ್ಲಂಗಡಿಯನ್ನು ದೋಣಿಯಂತೆ ಕೊರೆದು, ಅದರೊಳಗೆ ಹಣ್ಣು ತುಂಬಿ ತಂದ. ಮರುವರ್ಷ ನವಿಲು. ಅದರ ಮರುವರ್ಷ ಹಿಡಿಕೆಯ ಬುಟ್ಟಿ, ಅಂಚಿಗೆಲ್ಲ ತಾವರೆಯ ಎಸಳು. ಒಳಗೆ ದಾಳಿಂಬರಿಯ ಕೆಂಪು, ಪಪ್ಪಾಯಿಯ ಹಳದಿ, ದ್ರಾಕ್ಷಿಯ ಕಪ್ಪು, ಪೇರಲದ ಬಿಳುಪು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಮೇಲೆ ಬಿಳಿ ವಸ್ತ್ರ ಹೊದಿಸಿ, ಮದುಮಗಳನ್ನು ಕರೆತರುವವನಂತೆ ನಿಧಾನವಾಗಿ ತರುತ್ತಿದ್ದ. ಹೀಗೆ ಹನ್ನೊಂದು ವರ್ಷ.

ಹನ್ನೊಂದನೆಯ ವರ್ಷ, ಅಂದರೆ ಹೋದ ರಮಜಾನದಲ್ಲಿ, ಕೆಟ್ಟಿತು. ಮಾಬುಬಿಯ ಅಣ್ಣ ಗೈಬುಸಾಬ ತಾಳಿಕೋಟೆಯಿಂದ ಬಂದಿದ್ದ. ಕಾಸಿಂಸಾಬ ಎಂಟು ದಿನ ಕಣ್ಣು ಕಿತ್ತುಕೊಂಡು ಹೊಲಿದ ಶೇರವಾನಿ ಅವನ ಮೈಮೇಲಿತ್ತು. ಆದರೆ ಗೈಬುಸಾಬ ಶೇರವಾನಿಯ ಸುದ್ದಿ ಎತ್ತಲಿಲ್ಲ. ಹಣ್ಣಿನ ಬುಟ್ಟಿಯ ಸುತ್ತ ಮೂರು ಸುತ್ತು ತಿರುಗಿ, "ವಾಹ್ ರೇವಣಪ್ಪನವರ, ಕೈ ಅಂದ್ರ ಇದು. ಈ ಊರಾಗ ಕಲಾ ಗೊತ್ತಿದ್ದವರು ನೀವೊಬ್ಬರ," ಅಂದ.

ಕಾಸಿಂಸಾಬನಿಗೆ ಸೂಜಿ ಉಗುರಿನಲ್ಲಿ ಹೊಕ್ಕಂತಾಯಿತು. "ಇದೇನು ದೊಡ್ಡ ವಿದ್ಯಾ? ನಾ ಎಡಗೈಲೆ ಕೊರಿತೇನಿ," ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ನಕ್ಕು ಮುಗಿಯುತ್ತಿತ್ತು. ಬಿಡಲಿಲ್ಲ. ಒಳಗಿಂದ ಖರಬೂಜ ಒಂದನ್ನೂ ಚೂರಿಯನ್ನೂ ತಂದು ಗೆಳೆಯನ ಮುಂದಿಟ್ಟ. "ಮನ್ಯಾಗ ಮಾಡಿ ಅರಿವಿ ಮುಚ್ಚಿ ತರೋದಲ್ಲ ರೇವಣ್ಯಾ. ಇಲ್ಲೇ ಕುಂತು ಕೊರಿ, ನೋಡೂಣು."

ರೇವಣಪ್ಪ ಚೂರಿ ನೋಡಿದ. ಗೈಬುಸಾಬನನ್ನು ನೋಡಿದ. ಟೊಪ್ಪಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದ.

ಅಲ್ಲಿಂದ ಎಂಟು ತಿಂಗಳು ಅವರಿಬ್ಬರ ನಡುವೆ ಮಾತಿಲ್ಲ. ರೇವಣಪ್ಪ ಹೊಲಿಯಲು ಕೊಟ್ಟಿದ್ದ ಅಂಗಿಯೊಂದು ಅಂಗಡಿಯ ಗೂಟಕ್ಕೆ ನೇತಾಡುತ್ತಲೇ ಉಳಿಯಿತು. ಒಯ್ಯಲು ಅವನು ಬರಲಿಲ್ಲ, ಕಳಿಸಲು ಇವನ ಮನಸ್ಸು ಬಗ್ಗಲಿಲ್ಲ. ಕಡೆಗೆ ಕಾಸಿಂಸಾಬ ಒಂದು ಯುಕ್ತಿ ಮಾಡಿದ. ಒಂದು ಕಾರ್ಡು ಕೊಂಡು, ತನ್ನ ವಿಳಾಸವನ್ನು ತಾನೇ ಬರೆದು ಡಬ್ಬಿಗೆ ಹಾಕಿದ. ಟಪಾಲು ಕೊಡಲಾದರೂ ಪೋಸ್ಟಮನ್ ಬರಲೇಬೇಕಲ್ಲ. ರೇವಣಪ್ಪ ಬಂದ, "ಪೋಸ್ಟ್" ಅಂದ, ಕಾರ್ಡು ಹೊಲಿಗೆ ಯಂತ್ರದ ಮೇಲಿಟ್ಟು ಹೋದ. ಕಾಸಿಂಸಾಬ ಹೀಗೆ ಒಂಬತ್ತು ಕಾರ್ಡು ಬರೆದ. ಒಂಬತ್ತು ಸಲವೂ "ಪೋಸ್ಟ್" ಎಂಬ ಒಂದೇ ಮಾತು. ಹತ್ತನೆಯದನ್ನು ತಂದುಕೊಟ್ಟವನು ಬೇರೆ ಪೋಸ್ಟಮನ್. ರೇವಣಪ್ಪನ ಮಣ್ಣಿಗೆ ಬರ್ರಿ ಎಂದು ಹೇಳಿದವನೂ ಅವನೇ.

ತನ್ನ ಮಾತೇ ರೇವಣಪ್ಪನ ಎದೆಯಲ್ಲಿ ಮುಳ್ಳಾಗಿ ಉಳಿಯಿತು, ಅದನ್ನು ಕೀಳದೆಯೇ ಅವನನ್ನು ಮಣ್ಣಿಗಿಟ್ಟರು ಎಂಬುದು ಕಾಸಿಂಸಾಬನ ನಂಬಿಕೆ. ಸತ್ತವನ ಕ್ಷಮೆ ಕೇಳುವ ದಾರಿ ಅವನಿಗೆ ಗೊತ್ತಿರಲಿಲ್ಲ. ಚಂದವ್ವನ ಮುಂದೆ, ರೇವಣಪ್ಪ ತರುತ್ತಿದ್ದಂಥದೇ ಬುಟ್ಟಿ ಇಟ್ಟು, "ತಂಗಿ, ಇದು ಎಂಥಾ ಕಠಿಣ ವಿದ್ಯಾ ಅಂತ ಈಗ ಗೊತ್ತಾತು" ಎಂದು ಹೇಳುವುದಾಗಿ ನಿರ್ಧರಿಸಿದ್ದ. ಕಠಿಣವೆಂದು ಹೇಳಬೇಕಾದರೆ ಮೊದಲು ಮಾಡಿ ತೋರಿಸಬೇಕಲ್ಲ.

ಅಂಗಡಿಗೆ ಬೀಗ ಹಾಕಿ, ಟೇಪು ಕೊರಳಿಗೆ ಹಾಕಿಕೊಂಡು ಬಜಾರಿಗೆ ಹೋದ. ಭೀಮಾ ಹೊಳೆಯ ಉಸುಕಿನಲ್ಲಿ ಬೆಳೆದ ಕಲ್ಲಂಗಡಿ ಗಾಡಿಗಟ್ಟಲೆ ಬಂದಿದ್ದವು. ಉಳಿದವರು ಬೆರಳಿನಿಂದ ಬಡಿದು ನೋಡುತ್ತಿದ್ದರು. ಕಾಸಿಂಸಾಬ ಟೇಪು ಹಿಡಿದು ಒಂದೊಂದರ ಸುತ್ತಳತೆ ತೆಗೆದ.

"ಇದಕ್ಕ ಅಂಗಿ ಹೊಲಿತೀರೇನ್ರಿ ಮಾಸ್ತರ?" ಅಂದ ಗಾಡಿಯವನು. "ತಿಂದು ನೋಡ್ರಲಾ, ಸಕ್ಕರಿ ಐತಿ."

"ರೋಜಾ ಅದೇನಿ. ರುಚಿ ಬ್ಯಾಡ, ನನಗ ಛಾತಿ ಬೇಕು. ಮೂವತ್ತೆರಡು ಇಂಚಿಂದು ಎರಡು ಕೊಡು."

ಮನೆಗೆ ಬಂದು ಪಡಸಾಲೆಯಲ್ಲಿ ದುಕಾನು ಹೂಡಿದ. ಹಣ್ಣು ಉರುಳಬಾರದೆಂದು, ಹೊಲಿಯಲು ಬಂದು ಮಂಚದ ಮೇಲಿದ್ದ ಮಡಿಸಿದ ಅರಿವೆಯೊಂದನ್ನು ಅಡಿಗಿಟ್ಟ. ಗುರುತು ಹಾಕಲು ಸೀಮೆಸುಣ್ಣ ಹಚ್ಚಿದರೆ ಸಿಪ್ಪೆಯ ಮೇಲೆ ಜಾರಿತು. ನೇರಳೆ ಬಣ್ಣದ ಶಾಯಿಪೆನ್ಸಿಲು ತೆಗೆದ. ಒದ್ದೆಯಾಗದೆ ಅದು ಮೂಡದು, ಆದರೆ ನಾಲಿಗೆಗೆ ಮುಟ್ಟಿಸಿದರೆ ರೋಜಾ ಕೆಡುವ ಭಯ. ನೀರಲ್ಲಿ ಅದ್ದಿ ಬರೆದ. ಗೆರೆ ಬಿತ್ತು, ಗೆರೆಯಿಂದ ಶಾಯಿ ಇಳಿಯಿತು, ಕಲ್ಲಂಗಡಿ ಅಳತೊಡಗಿತು.

ಕತ್ತರಿಸುವಾಗ ಟೇಲರನ ಚಟ ಬಿಡಲಿಲ್ಲ. ಹೊಲಿಗೆಗೆ ಇರಲಿ ಎಂದು ಸುತ್ತ ಒಂದಿಂಚು ಹೆಚ್ಚಿಗೆ ಬಿಟ್ಟ. ಆಮೇಲೆ ಹೆಚ್ಚಾಯಿತೆಂದು ಎಡಕ್ಕೆ ತುಸು ಕತ್ತರಿಸಿದ. ಬಲಗಡೆ ಎತ್ತರವಾಯಿತು. ಬಲಕ್ಕೆ ಕತ್ತರಿಸಿದ, ಎಡಗಡೆ ಎತ್ತರವಾಯಿತು. ಎಡ ಬಲ ಸರಿಮಾಡುತ್ತ ಮಾಡುತ್ತ ಬುಟ್ಟಿ ಹೋಗಿ ಬೋಗುಣಿಯಾಯಿತು, ಬೋಗುಣಿ ಹೋಗಿ ತಾಟಾಯಿತು.

ಮಾಬುಬಿ ಬಾಗಿಲಲ್ಲಿ ನಿಂತು ನೋಡಿದಳು. "ಕೋಟು ಹೊಲಿತೇನಿ ಅಂದಿದ್ರಿ. ಚಡ್ಡಿ ಆತಲ್ರಿ."

"ಮೊದಲನೇದು ನಮೂನೆ ಇರತೈತಿ. ಎರಡನೇದರಾಗ ನೋಡು."

ಎರಡನೆಯದು ನಿಜಕ್ಕೂ ಬುಟ್ಟಿಯಂತೆಯೇ ಬಂತು. ಹಿಡಿಕೆಯೂ ಬಂತು. ಕಾಸಿಂಸಾಬ ಹೆಂಡತಿಯನ್ನು ಕೂಗಿ ಕರೆದ. ಅವಳು ಬರುವಷ್ಟರಲ್ಲಿ ಟಕ್ಕೆಂದು ಹಿಡಿಕೆ ಮುರಿಯಿತು.

ಅರಿವೆ ಹರಿದರೆ ಟೇಲರ್ ಏನು ಮಾಡುತ್ತಾನೋ ಅದನ್ನೇ ಮಾಡಿದ. ದಬ್ಬಣಕ್ಕೆ ಕಾಜಾದ ದಾರ ಎರಡೆಳೆ ಪೋಣಿಸಿ, ಕಲ್ಲಂಗಡಿಯನ್ನು ಹೊಲಿದ.

"ಎರಡು ಗುಂಡಿನೂ ಹಚ್ಚಿಬಿಡ್ರಿ," ಅಂದಳು ಮಾಬುಬಿ. "ಮುಂದ ಈದಿಗೂ ಆಗತೈತಿ."

ಒಳಗೆ ತುಂಬುವ ಹಣ್ಣುಗಳನ್ನು ಅವನು ಮುಂಜಾನೆಯೇ ಹೆಚ್ಚಿ ಇಟ್ಟಿದ್ದ. ಕೆಲಸ ಮೊದಲೇ ಮುಗಿಸಿಟ್ಟುಕೊಳ್ಳುವುದು ಅವನ ಶಿಸ್ತು. ಈಗ ಮುಚ್ಚಳ ತೆಗೆದರೆ ಬಾಳೆಹಣ್ಣು ಕಪ್ಪಾಗಿತ್ತು, ಪೇರಲ ಕಂದಾಗಿತ್ತು, ಚಿಕ್ಕು ಎರಡರ ಬಣ್ಣವನ್ನೂ ಹಿಡಿದಿತ್ತು. ದಾಳಿಂಬರಿಯ ರಸ ಎಲ್ಲದರ ಮೇಲೂ ಹರಿದಿತ್ತು. ಏಳು ಬಣ್ಣ ಸೇರಿ ಒಂದೇ ಬಣ್ಣವಾಗಿತ್ತು, ಹಳೆಯ ಕಂಬಳಿಯ ಬಣ್ಣ. ಸಾರಿದ ಏಳರಲ್ಲಿ ಇರದಿದ್ದ ನೇರಳೆಯೊಂದು ಮಾತ್ರ ಅವನ ಕೈ, ಗಡ್ಡ, ಟೊಪ್ಪಿಗೆಗಳ ಮೇಲೆ ಪಕ್ಕಾ ನಿಂತಿತ್ತು.

ಹೊತ್ತು ಇಳಿಯುವಾಗ ಗೈಬುಸಾಬ ಬಂದ. ಅವನ ಹಿಂದೆಯೇ ಚಂದವ್ವ ಬಂದಳು. ಕುಂಕುಮವಿಲ್ಲದ ಅವಳ ಹಣೆ ನೋಡಿ ಕಾಸಿಂಸಾಬ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತ.

"ಬಾ ತಂಗಿ," ಅಂದ. ಅಷ್ಟೇ.

ಮಸೀದಿಯಿಂದ ಬಾಂಗು ಕೇಳಿತು. ಖಜೂರ ಬಾಯಿಗಿಟ್ಟು, ನೀರು ಕುಡಿದು, ಕಾಸಿಂಸಾಬ ಒಳಗೆ ಹೋದ. ರೇವಣಪ್ಪ ತರುತ್ತಿದ್ದಂತೆಯೇ ಬುಟ್ಟಿಯ ಮೇಲೆ ಬಿಳಿ ವಸ್ತ್ರ ಹೊದಿಸಿದ್ದ. ರೇವಣಪ್ಪ ಹಿಡಿಯುತ್ತಿದ್ದಂತೆಯೇ ಹಿಡಿಕೆ ಹಿಡಿದು ಎತ್ತಿದ. ತಾನು ಹಾಕಿದ ಹೊಲಿಗೆಯನ್ನು ತಾನೇ ಮರೆತಿದ್ದ.

ಪಡಸಾಲೆಯ ನಡುವೆ ಹೊಲಿಗೆ ಬಿಚ್ಚಿತು. ಹಿಡಿಕೆ ಅವನ ಕೈಯಲ್ಲೇ ಉಳಿಯಿತು, ದಾರ ಜೋತಾಡುತ್ತ. ಬುಟ್ಟಿ ಕೆಳಗೆ ಬಿದ್ದು, ಎರಡು ಹೋಳಾಗಿ, ಒಂದು ಹೋಳು ಉರುಳುತ್ತ ಹೋಗಿ ಚಂದವ್ವನ ಕಾಲಿಗೆ ತಾಗಿ ನಿಂತಿತು. ಗೈಬುಸಾಬ ಬಾಯಲ್ಲಿಟ್ಟುಕೊಂಡಿದ್ದ ಖಜೂರವನ್ನು ಹಾಗೇ ಬಿಟ್ಟು, ಮೂಲೆಯಲ್ಲಿ ಮುದ್ದೆಯಾಗಿ ಬಿದ್ದ ಅರಿವೆಯನ್ನು ನೋಡಿದ. ಅರ್ಧ ಗುಲಾಬಿ, ಅರ್ಧ ನೇರಳೆ.

"ಮಾವ, ಇದು ಹೊಲಿಯಾಕ ಕಳಿಸಿದ್ದ ನನ್ನ ಈದಿನ ಅರಿವಿ ಅಲ್ಲೇನು?"

ಚಂದವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು, ಭುಜ ಅಲುಗುತ್ತಿದ್ದವು. ಮಾಬುಬಿ ಓಡಿಹೋಗಿ ಪಕ್ಕದಲ್ಲಿ ಕೂತಳು. "ಅಳಬ್ಯಾಡ ಚಂದವ್ವ. ಇವರಿಗೆ ಬುದ್ಧಿ ಇಲ್ಲ."

ಚಂದವ್ವ ಸೆರಗು ತೆಗೆದಳು. ಕಣ್ಣಲ್ಲಿ ನೀರಿತ್ತು, ಆದರೆ ಅವಳು ನಗುತ್ತಿದ್ದಳು. ಕಾರ್ತಿಕದಿಂದೀಚೆಗೆ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಥೇಟ್ ಹಿಂಗ ಅಣ್ಣಾರ," ಅಂದಳು. "ಅವರು ಕೊರದದ್ದೂ ಥೇಟ್ ಹಿಂಗ ಇರತಿತ್ತು."

"ಏನಂತೀ ತಂಗಿ? ಅವನ ಕೈ..."

"ಅವರ ಕೈ ಎಲ್ಲೀದ್ರಿ. ಕೊರೀತಿದ್ದಾಕಿ ನಾನು. ತವರೂರು ತಾಂಬಾದಾಗ ನಮ್ಮಪ್ಪ ಸೋರಿಬುರುಡಿ ಕೊರೀತಿದ್ದ, ನಾ ಅಲ್ಲಿ ಕಲತಾಕಿ. ಮೊದಲನೇ ವರ್ಷ ನೀವ ಕೇಳಿದ್ರಂತ, ನೀನ ಮಾಡಿದೇನೋ ಅಂತ. ಹೂಂ ಅಂದುಬಿಟ್ರಂತ. ಒಮ್ಮೆ ಹೂಂ ಅಂದಮ್ಯಾಲ ಹನ್ನೊಂದು ವರ್ಷ ಹೂಂ ಅನ್ನಬೇಕಾತು."

ಕಾಸಿಂಸಾಬ ಹಿಡಿಕೆ ಹಿಡಿದುಕೊಂಡೇ ಕೂತ. "ಮತ್ತ ಆವತ್ತು ಎದ್ದು ಹೋದನಲ್ಲ. ನನ್ನ ಮಾತಿಗೆ ನೊಂದು..."

"ನೊಂದು ಅಲ್ರಿ, ಹೆದರಿ. ಚೂರಿ ಮುಂದಿಟ್ರ ಏನು ಮಾಡಬೇಕು? ಓಡಿ ಬಂದ್ರು. ಕಾಸ್ಯಾನ ಮುಂದ ಕುಂತು ಕೊರದ ತೋರಸ್ತೇನಿ, ಮುಂದಿನ ರಮಜಾನದೊಳಗ ಕಲಿತೇನಿ, ಅಲ್ಲೀತನಾ ಅವನ ಕೂಡ ಮಾತಾಡಂಗಿಲ್ಲ, ಮಾತಾಡಿದ್ರ ಬಾಯಿ ಬಿಟ್ಟಬಿಡ್ತೇನಿ ಅಂದ್ರು. ಮಳಿಗಾಲ ಪೂರಾ ಕುಂಬಳಕಾಯಿ ಕೊರದ್ರು. ಒಂದೂ ನಿಲ್ಲಲಿಲ್ಲ. ಮೂರು ತಿಂಗಳ ನಮಗ ಕುಂಬಳಕಾಯಿ ಪಲ್ಯಾನ ಗತಿ. ನಿಮ್ಮ ಕಾರ್ಡು ಬಂದಾಗೊಮ್ಮೆ ಮನಿಗೆ ಬಂದು, 'ಕಾಸ್ಯಾ ಮತ್ತ ತನಗ ತಾನ ಬರಕೊಂಡಾನ' ಅಂತ ನಗತಿದ್ರು."

ಗೈಬುಸಾಬ ಮೆಲ್ಲಗೆ ತನ್ನ ಅರಿವೆಯನ್ನು ಮಡಿಸಿ ಹಿಂದೆ ಸರಿಸಿದ.

ಚಂದವ್ವ ಕಾಲ ಬಳಿಯ ಹೋಳನ್ನು ಎತ್ತಿ ತಿರುಗಿಸಿ ನೋಡಿದಳು. "ಎಡಗೈಲೆ ಕೊರಿತೇನಿ ಅಂದಿದ್ರಿ. ಸುಳ್ಳಾಗಲಿಲ್ಲ ಬಿಡ್ರಿ."

ಕಾಸಿಂಸಾಬ ಎದ್ದ. ಅವನಿಗೆ ಎಲ್ಲಿಯಾದರೂ ಹೋಗಬೇಕಾಗಿತ್ತು. ಹೊರಗಿನ ಅಂಗಡಿಯ ಬೀಗ ತೆಗೆದು, ಗೂಟದ ಮೇಲಿದ್ದ ಅಂಗಿ ತಂದು ಚಂದವ್ವನ ಮುಂದೆ ಇಟ್ಟ. ಅದೊಂದು ವಸ್ತುವಿನ ಬಗೆಗಾದರೂ ಅವನಿಗೆ ಅಳುಕಿರಲಿಲ್ಲ. ರೇವಣಪ್ಪನ ಅಂಗಿಗಳನ್ನೆಲ್ಲ ಅವನೇ ಹೊಲಿದವನು.

"ಇದರಾಗ ಕೊರತಿ ಇಲ್ಲ ತಂಗಿ. ಅವನ ಅಳತಿ ನನಗ ಬಾಯಿಪಾಠ. ಟೇಪು ಹಿಡಿಯೋದ ಬ್ಯಾಡ. ಒಂದ ಬ್ಯಾಸರ ಅಂದ್ರ, ಎಂದೂ ಮ್ಯಾಲಿನ ಗುಂಡಿ ಹಾಕಲಿಲ್ಲ ಅಂವ. ಹಾಕೋ, ನನ್ನ ಹೊಲಿಗಿ ಹೆಸರು ಕೆಡಸಬ್ಯಾಡ ಅಂದ್ರ, ಸೆಕಿ ಐತೋ ಕಾಸ್ಯಾ ಅಂತಿದ್ದ. ಚಳಿಗಾಲದಾಗೂ ಸೆಕಿ."

ಚಂದವ್ವ ಅಂಗಿ ಹರವಿದಳು. ಕಾಲರಿನ ಸುತ್ತ ಬೆರಳಾಡಿಸಿದಳು.

"ಸೆಕಿ ಅಲ್ರಿ ಅಣ್ಣಾರ," ಅಂದಳು. "ಕಾಲರು ಬಿಗಿ ಆಗತಿತ್ತು. ಹೇಳ್ರಿ ಅಂದ್ರ, ಕಾಸ್ಯಾ ನೊಂದಕೊಂತಾನ ಅಂತಿದ್ರು."

"ಬಿಗಿ ಹ್ಯಾಂಗ ಆಗತೈತಿ? ಹದಿನಾಲ್ಕೂವರಿ. ಎಂದಿದ್ರೂ ಹದಿನಾಲ್ಕೂವರಿನ ಅವಂದು."

"ಆ ಅಳತಿ ನೀವು ಎಂದ ತಗೊಂಡಿದ್ರಿ?"

ಕಾಸಿಂಸಾಬ ಲೆಕ್ಕ ಹಾಕಿದ. ಕೊರಳಲ್ಲಿ ಟೇಪು ಇನ್ನೂ ನೇತಾಡುತ್ತಿತ್ತು. ಮುಂಜಾನೆ ಅವನು ಬಜಾರಿನ ಕಲ್ಲಂಗಡಿಗಳ ಅಳತೆಯನ್ನೆಲ್ಲ ಆ ಟೇಪಿನಿಂದಲೇ ತೆಗೆದಿದ್ದ.

"ನಿಮ್ಮ ಲಗ್ನಕ್ಕ," ಅಂದ.